ಭಾನುವಾರದ ಮರುದಿನ ಸೋಮವಾರವೇ ಏಕೆ?

ಪ್ರಶ್ನೆ: ಸೂರ್ಯ, ಚಂದ್ರ, ಮಂಗಳ, ಬುಧ, ಗುರು, ಶುಕ್ರ, ಶನಿ ಎಂಬ ವಾರಗಳ ಕ್ರಮ ದೂರಕ್ಕೂ ಹೊಂದುವುದಿಲ್ಲ, ಗಾತ್ರಕ್ಕೂ ಇಲ್ಲ, ಪ್ರಕಾಶಕ್ಕೂ ಇಲ್ಲ. ಆದರೂ ಇಂಗ್ಲಿಷಿನ ವಾರಗಳು ಇದೇ ಕ್ರಮದಲ್ಲಿವೆ. ಈ ಕ್ರಮ ಎಲ್ಲಿಂದ ಬಂತು? ಯಾರು ಯಾರಿಂದ ಪಡೆದರು? ಕ್ಯಾಲೆಂಡರುಗಳು ಬದಲಾದಾಗ ವಾರಗಳ ಸರಣಿ ಎಂದಾದರೂ ತುಂಡಾಗಿದೆಯೇ?

ಉತ್ತರ: ನಿಮ್ಮ ಪ್ರಶ್ನೆಗೆ ಸುಮಾರು ಹತ್ತೊಂಬತ್ತು ಶತಮಾನಗಳ ವಯಸ್ಸಾಗಿದೆ. ಗ್ರೀಕ್ ಲೇಖಕ ಪ್ಲೂಟಾರ್ಕ್ ಭೋಜನಕೂಟದ ಚರ್ಚೆಗಳನ್ನು ಒಂದು ದೊಡ್ಡ ಗ್ರಂಥವಾಗಿ ಬರೆದಿಟ್ಟ. ಗ್ರಹಗಳ ಹೆಸರಿನ ದಿನಗಳು ಗ್ರಹಗಳ ನಿಜವಾದ ಕ್ರಮವನ್ನು ಬಿಟ್ಟು ಬೇರೊಂದು ಕ್ರಮದಲ್ಲಿ ಏಕಿವೆ ಎಂಬುದೇ ಅದರ ಒಂದು ಅಧ್ಯಾಯದ ವಿಷಯ. ಅಧ್ಯಾಯದ ಶೀರ್ಷಿಕೆ ನಮ್ಮ ಕಾಲದವರೆಗೆ ಉಳಿದು ಬಂದಿದೆ, ಒಳಗಿನ ಬರಹ ನಷ್ಟವಾಗಿದೆ. ಪುಣ್ಯಕ್ಕೆ ಉತ್ತರವನ್ನು ಬರೆದಿಟ್ಟವರು ಅವನೊಬ್ಬನೇ ಅಲ್ಲ. ಅವರಲ್ಲಿ ಅತ್ಯಂತ ಚುಟುಕಾಗಿ ಹೇಳಿದವನು ಆರ್ಯಭಟ. ಅವನ ಮಾತಿಗೆ ಬರುವ ಮುನ್ನ ಆಕಾಶದ ಲೆಕ್ಕವನ್ನು ಸ್ವಲ್ಪ ನೋಡಬೇಕು.

ದೂರದರ್ಶಕ ಇಲ್ಲದ ಕಾಲದಲ್ಲಿ ಗ್ರಹಗಳ ದೂರವನ್ನು ಅಳೆಯುವ ದಾರಿ ಇರಲಿಲ್ಲ. ಅಳೆಯಲು ಸಾಧ್ಯವಿದ್ದದ್ದು ಕಾಲವನ್ನು. ನಕ್ಷತ್ರಗಳ ಹಿನ್ನೆಲೆಯಲ್ಲಿ ಒಂದು ಸುತ್ತು ಮುಗಿಸಲು ಶನಿಗೆ ಸುಮಾರು ಇಪ್ಪತ್ತೊಂಬತ್ತೂವರೆ ವರ್ಷ ಬೇಕು. ಗುರುವಿಗೆ ಹನ್ನೆರಡಕ್ಕೆ ತುಸು ಕಡಿಮೆ, ಮಂಗಳನಿಗೆ 687 ದಿನ, ಸೂರ್ಯನಿಗೆ ಒಂದು ವರ್ಷ, ಚಂದ್ರನಿಗೆ ಇಪ್ಪತ್ತೇಳು ದಿನ ಮತ್ತು ಕೆಲವು ಗಂಟೆ. ಶುಕ್ರ ಮತ್ತು ಬುಧ ಸೂರ್ಯನ ಅಕ್ಕಪಕ್ಕದಲ್ಲೇ ಸುಳಿದಾಡುವುದರಿಂದ ಅವುಗಳಿಗೆ ಎಲ್ಲಿ ಜಾಗ ಕೊಡಬೇಕೆಂಬ ಚರ್ಚೆ ಬಹಳ ಕಾಲ ನಡೆಯಿತು. ಕೊನೆಗೆ ಎರಡನ್ನೂ ಸೂರ್ಯ ಮತ್ತು ಚಂದ್ರರ ನಡುವೆ ಇಟ್ಟರು. ನಿಧಾನವಾಗಿ ಚಲಿಸುವುದು ದೂರದಲ್ಲಿದೆ, ಬೇಗ ಚಲಿಸುವುದು ಹತ್ತಿರದಲ್ಲಿದೆ ಎಂಬುದು ಅಂದಿನ ತರ್ಕ. ಹೀಗೆ ಸಿದ್ಧವಾದ ಪಟ್ಟಿ ಇದು: ಶನಿ, ಗುರು, ಮಂಗಳ, ಸೂರ್ಯ, ಶುಕ್ರ, ಬುಧ, ಚಂದ್ರ. ಶನಿಯ ಪೂರ್ಣ ಹೆಸರಾದ ಶನೈಶ್ಚರ ಎಂದರೆ ಮೆಲ್ಲಗೆ ನಡೆಯುವವನು. ಅವನಿಗಿರುವ ಇನ್ನೊಂದು ಹೆಸರು ಮಂದ. ಕಾಟ ಕೊಡುವವನೆಂಬ ಖ್ಯಾತಿ ಏನೇ ಇರಲಿ, ಹೆಸರು ಮಾತ್ರ ಶುದ್ಧ ವೀಕ್ಷಣೆಯಿಂದ ಬಂದದ್ದು.

ಈಗ ದಿನವನ್ನು ಇಪ್ಪತ್ನಾಲ್ಕು ಭಾಗ ಮಾಡಿ, ಒಂದೊಂದು ಭಾಗಕ್ಕೆ ಒಂದೊಂದು ಗ್ರಹವನ್ನು ಇದೇ ಕ್ರಮದಲ್ಲಿ ಅಧಿಪತಿಯಾಗಿ ನೇಮಿಸಿ. ಮೊದಲ ಗಂಟೆ ಶನಿಯದು, ಎರಡನೆಯದು ಗುರುವಿನದು, ಮೂರನೆಯದು ಮಂಗಳನದು. ಏಳನೆಯದು ಚಂದ್ರನಿಗೆ ಸೇರುತ್ತದೆ. ಎಂಟರಲ್ಲಿ ಮತ್ತೆ ಶನಿ, ಹದಿನೈದರಲ್ಲಿ ಶನಿ, ಇಪ್ಪತ್ತೆರಡರಲ್ಲೂ ಶನಿ. ಇಪ್ಪತ್ಮೂರನೆಯದು ಗುರುವಿಗೆ, ಇಪ್ಪತ್ನಾಲ್ಕನೆಯದು ಮಂಗಳನಿಗೆ. ಅಲ್ಲಿಗೆ ದಿನ ಮುಗಿಯಿತು. ಮರುದಿನದ ಮೊದಲ ಗಂಟೆ ಯಾರದು? ಸೂರ್ಯನದು. ಮೊದಲ ಗಂಟೆಯ ಒಡೆಯನೇ ಇಡೀ ದಿನದ ಒಡೆಯ ಎಂಬುದು ನಿಯಮ. ಆದ್ದರಿಂದ ಶನಿವಾರದ ನಂತರ ಭಾನುವಾರ. ಸೂರ್ಯನಿಂದ ಮುಂದುವರಿಸಿದರೆ ಇಪ್ಪತ್ತೆರಡನೆಯ ಗಂಟೆ ಸೂರ್ಯ, ಮುಂದಿನವು ಶುಕ್ರ ಮತ್ತು ಬುಧ, ಮರುದಿನ ಬೆಳಗ್ಗೆ ಚಂದ್ರ. ಸೋಮವಾರ ಬಂದೇ ಬಂತು. ಉಳಿದ ನಾಲ್ಕನ್ನು ಕಾಗದದ ಮೇಲೆ ನೀವೇ ಲೆಕ್ಕ ಹಾಕಿ, ಒಂದೂ ತಪ್ಪುವುದಿಲ್ಲ.

ಇಷ್ಟೆಲ್ಲ ನಡೆಸುವುದು ಒಂದು ಪುಟ್ಟ ಶೇಷ. ಇಪ್ಪತ್ನಾಲ್ಕನ್ನು ಏಳರಿಂದ ಭಾಗಿಸಿದರೆ ಮೂರು ಉಳಿಯುತ್ತದೆ. ಹಾಗಾಗಿ ಪ್ರತಿದಿನವೂ ಪಟ್ಟಿಯಲ್ಲಿ ಮೂರು ಮನೆ ಮುಂದೆ ಹೋಗಬೇಕು. ಆಕಾಶದಲ್ಲಿ ಭಾನುವಾರ, ಸೋಮವಾರ ಎಂಬ ಗುರುತು ಎಲ್ಲಿಯೂ ಇಲ್ಲ. ವಾರಗಳ ಕ್ರಮ ಏಳು ಮತ್ತು ಇಪ್ಪತ್ನಾಲ್ಕು ಎಂಬ ಎರಡು ಸಂಖ್ಯೆಗಳು ಕೂಡಿದಾಗ ಉಂಟಾದ ಫಲ.

ಈ ಕಥೆಯಲ್ಲಿ ನನಗೆ ಅತ್ಯಂತ ಇಷ್ಟವಾದ ಭಾಗ ಇನ್ನು ಮುಂದಿದೆ. ಪ್ರಾಚೀನ ಭಾರತದಲ್ಲಿ ದಿನವನ್ನು ಭಾಗಿಸುತ್ತಿದ್ದದ್ದು ಅರವತ್ತು ಘಳಿಗೆಗಳಾಗಿ. ಅದೇ ಗ್ರಹಪಟ್ಟಿ, ಅದೇ ನಿಯಮ, ಆದರೆ ಗಂಟೆಯ ಬದಲು ಘಳಿಗೆ ಎಂದುಕೊಳ್ಳಿ. ಅರವತ್ತನ್ನು ಏಳರಿಂದ ಭಾಗಿಸಿದರೆ ಉಳಿಯುವುದು ನಾಲ್ಕು. ಶನಿಯಿಂದ ನಾಲ್ಕು ಮನೆ ಮುಂದೆ ಹೋದರೆ ಶುಕ್ರ, ಅಲ್ಲಿಂದ ನಾಲ್ಕು ಹೋದರೆ ಗುರು, ನಂತರ ಬುಧ, ಮಂಗಳ, ಚಂದ್ರ, ಸೂರ್ಯ. ಅಂದರೆ ಶನಿವಾರವಾದ ಮೇಲೆ ಶುಕ್ರವಾರ, ಶುಕ್ರವಾರವಾದ ಮೇಲೆ ಗುರುವಾರ! ಇಡೀ ವಾರ ಕರಾರುವಾಕ್ಕಾಗಿ ಹಿಂದುಮುಂದಾಗುತ್ತದೆ. ಏಳು ಮನೆಗಳ ವೃತ್ತದಲ್ಲಿ ನಾಲ್ಕು ಮುಂದೆ ಹೋಗುವುದೂ ಮೂರು ಹಿಂದೆ ಬರುವುದೂ ಒಂದೇ ಆಗಿರುವುದು ಇದಕ್ಕೆ ಕಾರಣ. ಬ್ಯಾಬಿಲೋನಿನವರಂತೆ ದಿನವನ್ನು ಹನ್ನೆರಡು ಭಾಗ ಮಾಡಿದರೆ ಶೇಷ ಐದು. ಆಗ ಶನಿಯ ನಂತರ ಬುಧ, ಬುಧನ ನಂತರ ಸೂರ್ಯ ಬರುತ್ತಾರೆ. ನಮಗೆ ಗೊತ್ತಿರುವ ವಾರ ಹುಟ್ಟಬೇಕಾದರೆ ದಿನಕ್ಕೆ ಇಪ್ಪತ್ನಾಲ್ಕು ಗಂಟೆಗಳೇ ಬೇಕು. ವಾರ ಎಲ್ಲಿಂದ ಬಂತು ಎಂಬುದಕ್ಕೆ ಯಾವ ತಾಳೆಗರಿಯೂ ಇಲ್ಲದೆ ಸಿಗುವ ಸಾಕ್ಷ್ಯ ಇದು.

ದಿನಕ್ಕೆ ಇಪ್ಪತ್ನಾಲ್ಕು ಗಂಟೆ ಎಂಬ ಪದ್ಧತಿ ಈಜಿಪ್ಟಿನದು. ಅಲ್ಲಿ ಹಗಲಿಗೆ ಹನ್ನೆರಡು, ಇರುಳಿಗೆ ಹನ್ನೆರಡು. ಗ್ರಹಗಳ ಚಲನೆಯನ್ನು ಶತಮಾನಗಳ ಕಾಲ ದಾಖಲಿಸಿ, ಅವುಗಳಿಗೆ ಮನುಷ್ಯರ ಆಗುಹೋಗುಗಳ ಉಸ್ತುವಾರಿ ವಹಿಸಿದವರು ಬ್ಯಾಬಿಲೋನಿನವರು. ಗ್ರಹಗಳನ್ನು ಒಂದರ ಮೇಲೊಂದು ಗೋಳಗಳಾಗಿ ಜೋಡಿಸಿದ್ದು ಗ್ರೀಕರ ಜ್ಯಾಮಿತಿ. ಅಲೆಕ್ಸಾಂಡರನ ದಂಡಯಾತ್ರೆಯ ನಂತರ ಈ ಮೂರೂ ಧಾರೆಗಳು ಒಟ್ಟಿಗೆ ಹರಿದದ್ದು ಗ್ರೀಕರ ಆಳ್ವಿಕೆಯ ಈಜಿಪ್ಟಿನಲ್ಲಿ. ಮೂರನೆಯ ಶತಮಾನದ ರೋಮನ್ ಇತಿಹಾಸಕಾರ ಕ್ಯಾಸಿಯಸ್ ಡಿಯೋ ಕೂಡ ಈ ಪದ್ಧತಿ ಈಜಿಪ್ಟಿನಿಂದ ಬಂದದ್ದೆಂದೇ ಬರೆಯುತ್ತಾನೆ. ಕ್ರಮಕ್ಕೆ ಅವನು ಎರಡು ಕಾರಣ ಕೊಡುತ್ತಾನೆ. ಒಂದು ನಾನು ಮೇಲೆ ವಿವರಿಸಿದ ಗಂಟೆಗಳ ಲೆಕ್ಕ. ಇನ್ನೊಂದು ಸಂಗೀತದ್ದು: ಗ್ರಹಗಳನ್ನು ಸ್ವರಗಳಂತೆ ಭಾವಿಸಿ, ಹೊರಟ ಸ್ವರವನ್ನೂ ಸೇರಿಸಿ ಎಣಿಸಿ ನಾಲ್ಕನೆಯ ಸ್ವರಕ್ಕೆ ನೆಗೆಯುತ್ತ ಹೋದರೆ ಇದೇ ಸಾಲು ಸಿಗುತ್ತದೆ. ಎರಡೂ ಒಂದೇ ಅಂಕಗಣಿತದ ಎರಡು ವೇಷಗಳು. ನನಗೆ ಎರಡನೆಯದು ಆಮೇಲೆ ಹೊಳೆದ ಅಲಂಕಾರದಂತೆ ಕಾಣುತ್ತದೆ.

ಯೆಹೂದಿಗಳ ಏಳು ದಿನಗಳ ವಾರ ಇದಕ್ಕಿಂತ ಹಳೆಯದು, ಮತ್ತು ಅದಕ್ಕೂ ಗ್ರಹಗಳಿಗೂ ಸಂಬಂಧವಿಲ್ಲ. ಅಲ್ಲಿ ಒಂದನೆಯ ದಿನ, ಎರಡನೆಯ ದಿನ ಎಂಬ ಎಣಿಕೆ ಮಾತ್ರ. ಹೆಸರಿರುವುದು ವಿಶ್ರಾಂತಿಯ ಸಬ್ಬತ್ತಿಗೆ. ರೋಮನ್ ಸಾಮ್ರಾಜ್ಯದಲ್ಲಿ ಎರಡು ವಾರಗಳೂ ಒಂದರ ಮೇಲೊಂದು ಕುಳಿತವು, ಸಬ್ಬತ್ತು ಶನಿಯ ದಿನಕ್ಕೆ ಹೊಂದಿಕೊಂಡಿತು. ಅದಕ್ಕೆ ಮುನ್ನ ರೋಮನ್ನರು ಎಂಟು ದಿನಗಳ ಸಂತೆಚಕ್ರವನ್ನು ಅನುಸರಿಸುತ್ತಿದ್ದರು. ಕ್ರಿ.ಶ. 79ರಲ್ಲಿ ಜ್ವಾಲಾಮುಖಿಯ ಬೂದಿಯಡಿ ಹೂತುಹೋದ ಪಾಂಪೇಯಿ ನಗರದ ಗೋಡೆಯ ಮೇಲೆ ಶನಿಯಿಂದ ಶುರುವಾಗುವ ಏಳು ದಿನಗಳ ಪಟ್ಟಿಯೊಂದನ್ನು ಯಾರೋ ಗೀಚಿದ್ದಾರೆ. ಅಂದರೆ ಅಷ್ಟರಲ್ಲಾಗಲೇ ಗ್ರಹವಾರ ಬೀದಿಯ ಜನರವರೆಗೆ ಇಳಿದಿತ್ತು. 321ರಲ್ಲಿ ಚಕ್ರವರ್ತಿ ಕಾನ್‌ಸ್ಟಂಟೈನ್ ಸೂರ್ಯನ ದಿನವನ್ನು ರಜಾದಿನವೆಂದು ಘೋಷಿಸಿದ ಮೇಲೆ ಎಂಟು ದಿನಗಳ ಚಕ್ರಕ್ಕೆ ಉಳಿಗಾಲವಿರಲಿಲ್ಲ.

ಭಾರತಕ್ಕೆ ಇದು ಯಾವಾಗ ಬಂತು? ಪ್ರಾಚೀನ ಕಾಲಗಣನೆಯ ಗ್ರಂಥವಾದ ವೇದಾಂಗ ಜ್ಯೋತಿಷದಲ್ಲಿ ತಿಥಿ, ನಕ್ಷತ್ರ, ಋತು, ಅಯನ ಎಲ್ಲವೂ ಇವೆ; ವಾರ ಇಲ್ಲ. ಅಶೋಕನ ಐದನೆಯ ಸ್ತಂಭಶಾಸನ ಪ್ರಾಣಿಹಿಂಸೆ ಕೂಡದ ದಿನಗಳನ್ನು ಪಟ್ಟಿಮಾಡುತ್ತದೆ. ಅಲ್ಲಿಯೂ ಹುಣ್ಣಿಮೆ, ಚತುರ್ದಶಿ, ತಿಷ್ಯ ನಕ್ಷತ್ರ, ಪುನರ್ವಸು ನಕ್ಷತ್ರ ಎಂದಿದೆಯೇ ಹೊರತು ವಾರದ ಸುಳಿವಿಲ್ಲ. ವಾರವನ್ನು ಹೆಸರಿಸಿ ಕಾಲ ಹೇಳುವ, ಖಚಿತವಾಗಿ ಲೆಕ್ಕ ಹಾಕಬಲ್ಲ ಮೊದಲ ಭಾರತೀಯ ಶಾಸನವೆಂದು ವಿದ್ವಾಂಸರು ತೋರಿಸುವುದು ಮಧ್ಯಪ್ರದೇಶದ ಏರಣದಲ್ಲಿರುವ ಗುಪ್ತರ ದೊರೆ ಬುಧಗುಪ್ತನ ಕಾಲದ ಸ್ತಂಭಶಾಸನವನ್ನು. ಗುಪ್ತ ಸಂವತ್ 165, ಆಷಾಢ ಶುಕ್ಲ ದ್ವಾದಶಿ, ‘ಸುರಗುರುವಿನ ದಿವಸ’ ಎಂದು ಅದು ಹೇಳುತ್ತದೆ. ಸುರಗುರು ಎಂದರೆ ಬೃಹಸ್ಪತಿ. ಈ ದಿನ ಕ್ರಿ.ಶ. 484ರ ಜೂನ್ 21ಕ್ಕೆ ಸಮ. ಹಿಂದಕ್ಕೆ ಎಣಿಸುತ್ತ ಹೋದರೆ ಅದು ಗುರುವಾರವೇ ಆಗುತ್ತದೆ.

ಅದಾದ ಹದಿನೈದು ವರ್ಷಕ್ಕೆ, 499ರಲ್ಲಿ, ತನಗೆ ಇಪ್ಪತ್ಮೂರು ವರ್ಷವಾಗಿದೆ ಎಂದು ಹೇಳಿಕೊಳ್ಳುವ ಆರ್ಯಭಟ ತನ್ನ ಗ್ರಂಥದ ಕಾಲಕ್ರಿಯಾಪಾದದಲ್ಲಿ ಇಡೀ ವಿಷಯವನ್ನು ಒಂದೇ ಶ್ಲೋಕದಲ್ಲಿ ಮುಗಿಸುತ್ತಾನೆ. ಶನೈಶ್ಚರನಿಂದ ಹಿಡಿದು ಒಂದಕ್ಕಿಂತ ಒಂದು ವೇಗವಾದ ಈ ಏಳು ಗ್ರಹಗಳು ಹೋರೆಗಳ, ಅಂದರೆ ಗಂಟೆಗಳ, ಒಡೆಯರು. ವೇಗದ ಕ್ರಮದಲ್ಲಿ ನಾಲ್ಕನೆಯವರು, ಸೂರ್ಯೋದಯದಿಂದ, ದಿನಗಳ ಒಡೆಯರು. ಶನಿಯನ್ನೂ ಸೇರಿಸಿ ಎಣಿಸಿದರೆ ನಾಲ್ಕನೆಯವನು ಸೂರ್ಯ. ಅಲಂಕಾರವಿಲ್ಲ, ಪುರಾಣವಿಲ್ಲ, ಬರಿಯ ಸೂತ್ರ.

ಆ ಶ್ಲೋಕದಲ್ಲಿರುವ ‘ಹೋರೆ’ಯನ್ನು ಗಮನಿಸಿ. ಅದು ಗ್ರೀಕ್ ಭಾಷೆಯ ‘ಹೋರಾ’; ಲ್ಯಾಟಿನ್ ಮತ್ತು ಫ್ರೆಂಚ್ ಮೂಲಕ ಇಂಗ್ಲಿಷಿಗೆ ಹೋಗಿ ‘ಅವರ್’ ಆದದ್ದೂ ಅದೇ. ಆರನೆಯ ಶತಮಾನದ ವರಾಹಮಿಹಿರ ತನ್ನ ಬೃಹಜ್ಜಾತಕದಲ್ಲಿ ಇದಕ್ಕೊಂದು ಸ್ವದೇಶಿ ವ್ಯುತ್ಪತ್ತಿಯನ್ನು ದಾಖಲಿಸುತ್ತಾನೆ: ‘ಅಹೋರಾತ್ರ’ದ ಮೊದಲ ಅಕ್ಷರವನ್ನೂ ಕೊನೆಯ ಅಕ್ಷರವನ್ನೂ ತೆಗೆದರೆ ‘ಹೋರಾ’ ಉಳಿಯುತ್ತದೆ ಎಂದು ಕೆಲವರ ಮತವಂತೆ. ಎಷ್ಟು ಜಾಣತನದ ವಿವರಣೆ! ಆದರೆ ಪದಗಳು ಎರಡೂ ತುದಿಯನ್ನು ಕತ್ತರಿಸಿಕೊಂಡು ಹುಟ್ಟುವುದಿಲ್ಲ. ‘ಕೆಲವರು’ ಎಂದು ಹೇಳಿ ತಾನು ಪಕ್ಕಕ್ಕೆ ನಿಂತ ವರಾಹಮಿಹಿರನ ಎಚ್ಚರ ನನಗೆ ಮೆಚ್ಚುಗೆಯಾಗುತ್ತದೆ. ಇಂದು ಮೊಬೈಲಿನಲ್ಲಿ ಹರಿದಾಡುವ ಸಂದೇಶಗಳಿಗೆ ಆ ಎಚ್ಚರವಿಲ್ಲ. ‘ಅವರ್’ ಪದ ಅಹೋರಾತ್ರದಿಂದ ಹೋದದ್ದು, ವಾರಗಳನ್ನು ಜಗತ್ತಿಗೆ ಕೊಟ್ಟವರು ನಾವು ಎಂದು ಅವು ಸಾರುತ್ತವೆ. ಅರವತ್ತು ಘಳಿಗೆಯ ಲೆಕ್ಕ ಆ ವಾದವನ್ನು ನಿಲ್ಲಗೊಡುವುದಿಲ್ಲ. ನಾವು ಇಂಗ್ಲಿಷರಿಂದ ನಕಲು ಮಾಡಿದೆವು ಎನ್ನುವವರ ಮಾತೂ ಅಷ್ಟೇ ಪೊಳ್ಳು; ಏರಣದ ಶಾಸನ ಕೆತ್ತಿದಾಗ ಇಂಗ್ಲಿಷ್ ಎಂಬ ಬರಹದ ಭಾಷೆಯೇ ಇರಲಿಲ್ಲ. ಒಂದೇ ಮೂಲದಿಂದ ಎರಡು ದಿಕ್ಕಿಗೆ ಹೋದ ಪದ್ಧತಿ ಇದು.

ತಂದದ್ದನ್ನು ಇಲ್ಲಿ ಚೆನ್ನಾಗಿಯೇ ಒಗ್ಗಿಸಿಕೊಂಡರು. ಸಂಸ್ಕೃತದಲ್ಲಿ ‘ವಾರ’ ಎಂದರೆ ಸರದಿ. ಸೋಮವಾರ ಎಂದರೆ ಸೋಮನ ಸರದಿ. ಗ್ರಹಗಳು ಪಾಳಿಯ ಮೇಲೆ ದಿನ ಆಳುವ ವ್ಯವಸ್ಥೆಗೆ ಇದಕ್ಕಿಂತ ಒಪ್ಪುವ ಪದ ಸಿಗದು. ಕನ್ನಡದಲ್ಲಿ ಅದೇ ಪದ ಹಿಗ್ಗಿ ಏಳು ದಿನಗಳ ಇಡೀ ಗುಂಪಿಗೂ ಹೆಸರಾಯಿತು. ಆದಿತ್ಯವಾರ ಜನರ ಬಾಯಲ್ಲಿ ಐತವಾರವಾಯಿತು, ಬೃಹಸ್ಪತಿವಾರ ಬೇಸ್ತವಾರವಾಯಿತು. ನವಗ್ರಹಗಳನ್ನು ಹೆಸರಿಸುವ ರೂಢಿಯ ಕ್ರಮವನ್ನೂ ನೋಡಿ: ರವಿ, ಸೋಮ, ಮಂಗಳ, ಬುಧ, ಗುರು, ಶುಕ್ರ, ಶನಿ, ಕೊನೆಗೆ ರಾಹು, ಕೇತು. ಮೊದಲ ಏಳು ನೇರವಾಗಿ ವಾರದ ಸಾಲಿನಲ್ಲಿವೆ, ವಾರವಿಲ್ಲದ ಎರಡು ಬಾಲಕ್ಕೆ ಸೇರಿವೆ. ಗ್ರಹಗಳ ಕ್ರಮದಿಂದ ವಾರ ಬಂತೆಂದು ಹಲವರು ತಿಳಿದಿದ್ದಾರೆ. ಈ ಪಟ್ಟಿಯ ಮಟ್ಟಿಗೆ ನಡೆದದ್ದು ತದ್ವಿರುದ್ಧ.

ಇಂಗ್ಲಿಷ್ ಹೆಸರುಗಳ ವಿಷಯಕ್ಕೆ ಬಂದರೆ, ಸನ್‌ಡೇ, ಮಂಡೇ, ಸ್ಯಾಟರ್‌ಡೇ ಮೂರು ಸ್ಪಷ್ಟ. ನಡುವಿನ ನಾಲ್ಕರಲ್ಲಿ ಗ್ರಹಗಳು ಕಾಣುವುದಿಲ್ಲ, ಏಕೆಂದರೆ ಜರ್ಮಾನಿಕ್ ಜನಾಂಗಗಳು ಗ್ರಹವನ್ನು ಬಿಟ್ಟು ರೋಮನ್ ದೇವರಿಗೆ ಸಮನಾದ ತಮ್ಮ ದೇವರನ್ನು ಹುಡುಕಿದವು. ಯುದ್ಧದೇವತೆ ಮಾರ್ಸ್‌ಗೆ ಟಿವ್, ಸಿಡಿಲಿನ ಜೂಪಿಟರ್‌ಗೆ ಥಾರ್, ಪ್ರೇಮದ ವೀನಸ್‌ಗೆ ಫ್ರಿಗ್. ಮರ್ಕ್ಯುರಿಗೆ ವೋಡನ್ ಜೋಡಿಯಾದದ್ದು ಮೊದಲ ನೋಟಕ್ಕೆ ವಿಚಿತ್ರ. ಆದರೆ ಜರ್ಮನರು ಎಲ್ಲರಿಗಿಂತ ಹೆಚ್ಚಾಗಿ ಪೂಜಿಸುವುದು ಮರ್ಕ್ಯುರಿಯನ್ನು ಎಂದು ರೋಮಿನ ಟ್ಯಾಸಿಟಸ್ ಮೊದಲ ಶತಮಾನದಲ್ಲೇ ಬರೆದಿದ್ದ. ಭಾರತೀಯರು ಮಾಡಿದ್ದು ಬೇರೆ. ಅವರು ದೇವರನ್ನು ಬಿಟ್ಟು ಆಕಾಶದಲ್ಲಿ ಕಾಣುವ ಗ್ರಹವನ್ನು ಹಿಡಿದರು. ಆದ್ದರಿಂದಲೇ ಶುಕ್ರವಾರ ಯುರೋಪಿನಲ್ಲಿ ಪ್ರೇಮದ ದೇವತೆಯ ಪಾಲಾದರೆ, ಇಲ್ಲಿ ಅಸುರರ ಗುರುವಾದ ಶುಕ್ರಾಚಾರ್ಯನ ಪಾಲಾಯಿತು. ಗ್ರಹ ಒಂದೇ, ವ್ಯಕ್ತಿತ್ವದಲ್ಲಿ ಅಜಗಜಾಂತರ.

ಪೂರ್ವಕ್ಕೆ ಹೋದ ದಾರಿ ಇನ್ನೂ ಸ್ವಾರಸ್ಯಕರ. ಎಂಟನೆಯ ಶತಮಾನದಲ್ಲಿ ಬೌದ್ಧ ಆಚಾರ್ಯ ಅಮೋಘವಜ್ರ ಭಾರತೀಯ ಜ್ಯೋತಿಷದ ಗ್ರಂಥವೊಂದನ್ನು ಚೀನೀ ಭಾಷೆಗೆ ತಂದ. 764ರಲ್ಲಿ ಅದಕ್ಕೆ ಬರೆದ ಟಿಪ್ಪಣಿಯಲ್ಲಿ ಒಂದು ಮುಗ್ಧ ಸಲಹೆ ಇದೆ: ಇಂದು ಯಾವ ವಾರವೆಂದು ಮರೆತರೆ ಸೋಗ್ಡಿಯನ್ನರನ್ನೋ ಪಾರಸಿಕರನ್ನೋ ಭಾರತೀಯರನ್ನೋ ಕೇಳಿ, ಅವರಿಗೆಲ್ಲ ಗೊತ್ತಿರುತ್ತದೆ. ಭಾನುವಾರಕ್ಕೆ ಅಲ್ಲಿ ಬಳಸಿದ ‘ಮಿ’ ಎಂಬ ಹೆಸರು ರೇಷ್ಮೆ ದಾರಿಯ ವರ್ತಕರಾದ ಸೋಗ್ಡಿಯನ್ನರ ‘ಮೀರ್’ನಿಂದ ಬಂದದ್ದು, ಅದು ಇರಾನಿನ ದೇವತೆ ಮಿಥ್ರನ ಹೆಸರು, ನಮ್ಮ ಮಿತ್ರನ ಸೋದರ. 806ರಲ್ಲಿ ಕೂಕಾಯ್ ಎಂಬ ಭಿಕ್ಷು ಈ ಗ್ರಂಥವನ್ನು ಜಪಾನಿಗೆ ಒಯ್ದ. ಸುಮಾರು ಸಾವಿರ ವರ್ಷದ ಹಿಂದೆ ಜಪಾನಿನ ಪ್ರಬಲ ರಾಜಪುರುಷ ಫುಜಿವಾರಾ ನೋ ಮಿಚಿನಾಗಾ ದಿನಚರಿ ಬರೆದ ಪಂಚಾಂಗದಲ್ಲಿ ಭಾನುವಾರಗಳಿಗೆ ಅದೇ ‘ಮಿ’ ಗುರುತಿದೆ. ಇಂದಿಗೂ ಜಪಾನಿನಲ್ಲಿ ಮಂಗಳವಾರ ಬೆಂಕಿಯ ದಿನ, ಬುಧವಾರ ನೀರಿನ ದಿನ, ಮುಂದೆ ಮರ, ಲೋಹ, ಮಣ್ಣು. ಇವು ಚೀನೀ ಸಂಪ್ರದಾಯದಲ್ಲಿ ಆಯಾ ಗ್ರಹಗಳಿಗಿರುವ ಹೆಸರುಗಳು.

ಗ್ರಹಗಳೇ ಬೇಡವೆಂದವರೂ ಇದ್ದಾರೆ. ಅರಬ್ಬಿ, ಹೀಬ್ರೂ, ಗ್ರೀಕ್ ಭಾಷೆಗಳು ಭಾನುವಾರದಿಂದ ಎಣಿಸುತ್ತವೆ, ರಷ್ಯನ್ ಭಾಷೆ ಸೋಮವಾರದಿಂದ. ಪೋರ್ಚುಗೀಸಿನಲ್ಲಿ ಸೋಮವಾರದ ಹೆಸರಿಗೆ ‘ಎರಡನೆಯದು’ ಎಂಬ ಅರ್ಥ. ಅನ್ಯದೇವರ ಹೆಸರು ಕೂಡದೆಂದು ಆರನೆಯ ಶತಮಾನದ ಬಿಷಪ್ ಬ್ರಾಗಾದ ಮಾರ್ಟಿನ್ ಹಟ ಹಿಡಿದದ್ದರ ಗುರುತು ಅದು.

ವಾರಗಳ ಬಗ್ಗೆ ಬರೆದಾಗಲೆಲ್ಲ ಓದುಗರು ಲೋಹಗಳ ಚಮತ್ಕಾರವೊಂದನ್ನು ನೆನಪಿಸುವುದರಿಂದ ಅದಕ್ಕೂ ಎರಡು ಮಾತು. ರಸವಾದಿಗಳು ಮಂಗಳನಿಗೆ ಕಬ್ಬಿಣ, ಶುಕ್ರನಿಗೆ ತಾಮ್ರ, ಚಂದ್ರನಿಗೆ ಬೆಳ್ಳಿ, ಗುರುವಿಗೆ ತವರ, ಸೂರ್ಯನಿಗೆ ಚಿನ್ನ, ಬುಧನಿಗೆ ಪಾದರಸ, ಶನಿಗೆ ಸೀಸ ಎಂದು ಹಂಚಿದ್ದರು. ಇವುಗಳ ಪರಮಾಣು ಸಂಖ್ಯೆ ಕ್ರಮವಾಗಿ 26, 29, 47, 50, 79, 80, 82. ನಿಧಾನದಿಂದ ವೇಗದ ಗ್ರಹಪಟ್ಟಿಯನ್ನು ವೃತ್ತವಾಗಿ ಬರೆದು ಮಂಗಳನಿಂದ ಒಂದು ಬಿಟ್ಟು ಒಂದನ್ನು ಆರಿಸಿದರೆ ಇದೇ ಏರುಕ್ರಮ ಸಿಗುತ್ತದೆ. ಹಂಚಿದವರಿಗೆ ಪರಮಾಣು ಸಂಖ್ಯೆಯ ರಹಸ್ಯ ತಿಳಿದಿತ್ತೇ? ಇಲ್ಲ, ಅದು ಬ್ರಿಟಿಷ್ ಭೌತವಿಜ್ಞಾನಿ ಮೋಸ್ಲಿಯ ಪ್ರಯೋಗಗಳಿಂದ ಸ್ಥಿರಪಟ್ಟದ್ದು 1913ರಲ್ಲಿ. ಏಳು ವಸ್ತುಗಳನ್ನು 5040 ರೀತಿಯಲ್ಲಿ ಜೋಡಿಸಬಹುದು. ಯಾವುದಾದರೂ ಮನೆಯಿಂದ ಹೊರಟು ಯಾವುದಾದರೂ ಒಂದೇ ಅಳತೆಯ ನೆಗೆತದಲ್ಲಿ ಸಾಗುವ ಜೋಡಣೆಗಳು 42. ಅಂದರೆ 120ರಲ್ಲಿ ಒಂದು ಅವಕಾಶ. ಜಗತ್ತಿನಲ್ಲಿ ಹುಡುಕಬಹುದಾದ ಕಾಕತಾಳೀಯಗಳ ಸಂಖ್ಯೆಗೆ ಹೋಲಿಸಿದರೆ ಇದು ಅಪರೂಪವೇ ಅಲ್ಲ.

ಇನ್ನು ನಿಮ್ಮ ಕೊನೆಯ ಪ್ರಶ್ನೆ. 1582ರಲ್ಲಿ ಗ್ರೆಗೋರಿಯನ್ ಕ್ಯಾಲೆಂಡರ್ ಜಾರಿಗೆ ಬಂದಾಗ ಹತ್ತು ತಾರೀಖುಗಳು ಮಾಯವಾದವು, ಆದರೆ ಅಕ್ಟೋಬರ್ 4ರ ಗುರುವಾರದ ಮರುದಿನ ಅಕ್ಟೋಬರ್ 15ರ ಶುಕ್ರವಾರವೇ ಬಂತು. ತಾರೀಖನ್ನು ಮುಟ್ಟಿದರು, ವಾರವನ್ನು ಮುಟ್ಟಲಿಲ್ಲ. ಫ್ರಾನ್ಸಿನ ಕ್ರಾಂತಿಕಾರಿಗಳು 1793ರಲ್ಲಿ ಹತ್ತು ದಿನಗಳ ವಾರ ತಂದರು; ಏಳು ದಿನಕ್ಕೊಮ್ಮೆ ಬರುತ್ತಿದ್ದ ರಜೆ ಹತ್ತು ದಿನಕ್ಕೊಮ್ಮೆ ಆದದ್ದು ದುಡಿಯುವವರಿಗೆ ಹಿಡಿಸುವುದು ಹೇಗೆ? 1806ರ ಆರಂಭಕ್ಕೆ ನೆಪೋಲಿಯನ್ ಆ ಕ್ಯಾಲೆಂಡರನ್ನೇ ರದ್ದು ಮಾಡಿದ. ಸೋವಿಯತ್ ಒಕ್ಕೂಟ 1929ರಲ್ಲಿ ಐದು ದಿನಗಳ, 1931ರಲ್ಲಿ ಆರು ದಿನಗಳ ದುಡಿಮೆಯ ಚಕ್ರ ಪ್ರಯೋಗಿಸಿ 1940ರಲ್ಲಿ ಏಳಕ್ಕೆ ಮರಳಿತು. ಎರಡೂ ಕಡೆ ಹಳೆಯ ಎಣಿಕೆ ಒಳಗೊಳಗೇ ನಡೆದೇ ಇತ್ತು.

ತುಂಡಾಗಿರುವುದು ಭೂಗೋಳದ ಕಾರಣಕ್ಕೆ. ಮೆಜೆಲನ್ನನ ತಂಡದಲ್ಲಿ ಬದುಕುಳಿದವರು ಭೂಮಿಯನ್ನು ಸುತ್ತಿ 1522ರ ಜುಲೈನಲ್ಲಿ ಕೇಪ್ ವರ್ಡೆ ತಲುಪಿದಾಗ ಹಡಗಿನ ಲೆಕ್ಕದಲ್ಲಿ ಬುಧವಾರ, ದಡದಲ್ಲಿ ಗುರುವಾರ. ಪಶ್ಚಿಮಕ್ಕೆ ಸುತ್ತಿದವರು ಒಂದು ದಿನ ಕಳೆದುಕೊಳ್ಳುತ್ತಾರೆಂದು ಆಗ ಅವರಿಗೆ ತಿಳಿದಿರಲಿಲ್ಲ. ಪೆಸಿಫಿಕ್ ಸಾಗರವನ್ನು ಅಮೆರಿಕದ ಕಡೆಯಿಂದ ದಾಟಿ ಬಂದ ಸ್ಪೇನಿನವರ ಲೆಕ್ಕದಿಂದಾಗಿ ಫಿಲಿಪ್ಪೀನ್ಸ್ ಶತಮಾನಗಳ ಕಾಲ ನೆರೆಯ ದೇಶಗಳಿಗಿಂತ ಒಂದು ದಿನ ಹಿಂದೆ ಇತ್ತು. 1844ರ ಡಿಸೆಂಬರ್ 31ರ ಮಂಗಳವಾರವನ್ನು ಕೈಬಿಟ್ಟು ಅದು ಸರಿಹೋಯಿತು. 1867ರಲ್ಲಿ ಅಲಾಸ್ಕಾ ರಷ್ಯಾದಿಂದ ಅಮೆರಿಕಕ್ಕೆ ಮಾರಾಟವಾದಾಗ ತಾರೀಖು ಬದಲಾಗುವ ಗಡಿಯಾದ ದಿನರೇಖೆಯ ಆಚೆಯಿಂದ ಈಚೆಗೆ ಬಂದದ್ದರಿಂದ ಅಲ್ಲಿ ಶುಕ್ರವಾರದ ಮರುದಿನವೂ ಶುಕ್ರವಾರವಾಯಿತು. ತೀರಾ ಈಚಿನದು ಸಮೋವಾ. ಆಸ್ಟ್ರೇಲಿಯಾ ಮತ್ತು ನ್ಯೂಜಿಲೆಂಡಿನೊಡನೆ ವ್ಯಾಪಾರ ಸುಲಭವಾಗಲೆಂದು ಆ ದ್ವೀಪರಾಷ್ಟ್ರ ದಿನರೇಖೆಯ ಇನ್ನೊಂದು ಬದಿಗೆ ಸರಿಯಿತು. 2011ರ ಡಿಸೆಂಬರ್ 29ರ ಗುರುವಾರ ರಾತ್ರಿ ಮಲಗಿದ ಅಲ್ಲಿನ ಜನ ಎದ್ದದ್ದು 31ರ ಶನಿವಾರ. ಏಳನೆಯ ದಿನವನ್ನೇ ಸಬ್ಬತ್ತಾಗಿ ಆಚರಿಸುವ ಅಲ್ಲಿನ ಕ್ರೈಸ್ತರಲ್ಲಿ, ಸಬ್ಬತ್ತು ಈಗ ಹೊಸ ಶನಿವಾರದಂದೋ ಅಥವಾ ಬಿಡದೆ ಏಳು ಎಣಿಸಿದರೆ ಸಿಗುವ ಭಾನುವಾರದಂದೋ ಎಂಬ ಭಿನ್ನಾಭಿಪ್ರಾಯ ಹುಟ್ಟಿತು.